ಕೋರಮಂಗಲದ ನೈಟ್‌ಕ್ಲಬ್ಬಿನಲ್ಲಿ ನನ್ನ ಮೊದಲ ಶನಿವಾರ: ಎಲ್ಲ ಕಡೆಯೂ ಹೀಗೆಯೇ ಇರುತ್ತದೆಯೇ?

ತುಂಗಾತೀರ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು, ಕೆಲಸಕ್ಕೆಂದು ಬೆಂಗಳೂರಿಗೆ ಬಂದು ಮೂರು ವರ್ಷವಾಯಿತು. ಕಳೆದ ಶನಿವಾರ ಆಫೀಸಿನ ಗೆಳತಿಯ ಹುಟ್ಟುಹಬ್ಬಕ್ಕೆಂದು ನಾವು ಏಳು ಮಂದಿ, ಅಂದರೆ ಮೂವರು ಹುಡುಗಿಯರು ಮತ್ತು ನಾಲ್ವರು ಹುಡುಗರು, ಕೋರಮಂಗಲದ ಒಂದು ನೈಟ್‌ಕ್ಲಬ್ಬಿಗೆ ಹೋಗಿದ್ದೆವು. ಆ ಬೀದಿಯ ಬಣ್ಣದ ದೀಪಗಳನ್ನು ಇಷ್ಟು ದಿನ ಆಟೋದಲ್ಲಿ ಕುಳಿತು ನೋಡಿದ್ದೆನೇ ಹೊರತು ಒಳಗೆ ಕಾಲಿಟ್ಟದ್ದು ಇದೇ ಮೊದಲು.

ಬಾಗಿಲಿನಲ್ಲಿಯೇ ಮುಕ್ಕಾಲು ಗಂಟೆ ಹೋಯಿತು. ನಾಲ್ಕನೆಯ ಹುಡುಗನಿಗೆ ಜೋಡಿಯಿಲ್ಲ, ಆದ್ದರಿಂದ ಬಿಡುವುದಿಲ್ಲ ಎಂದರು. ಅವನಿಗಾಗಿ 2,500 ರೂಪಾಯಿ ಬೇರೆ ಕಟ್ಟುವುದಾಗಿ ಒಪ್ಪಿದ ಮೇಲೆ, ರಾಯಚೂರಿನ ಇನ್ನೊಬ್ಬ ಗೆಳೆಯ ಚರ್ಮದ ಚಪ್ಪಲಿ ಹಾಕಿದ್ದಾನೆಂದು ಅವನನ್ನು ತಡೆದರು. ಪಾಪ, ಅವನು ಪಕ್ಕದ ಬೀದಿಯಲ್ಲಿದ್ದ ಪರಿಚಯದವರ ರೂಮಿಗೆ ಓಡಿ, ತನ್ನ ಕಾಲಿಗಿಂತ ಒಂದು ಅಳತೆ ದೊಡ್ಡದಾದ ಷೂ ಹಾಕಿಕೊಂಡು ಬಂದ. ಅವನ ಮುಖ ನೋಡಿದಾಗ ನನಗೆ ಅಲ್ಲಿಂದಲೇ ವಾಪಸ್ ಹೋಗಿಬಿಡೋಣ ಎನ್ನಿಸಿತ್ತು. ಜೋಡಿಗೆ 3,000 ರೂಪಾಯಿ ಕವರ್ ಚಾರ್ಜ್. ಆ ಹಣವನ್ನು ಒಳಗೆ ತಿಂದು ಕುಡಿದದ್ದಕ್ಕೆ ವಜಾ ಮಾಡಿಕೊಳ್ಳುತ್ತಾರೆ.

ಒಳಗೆ ಹೋದ ಮೇಲೆ ಮೊದಲ ಅರ್ಧ ಗಂಟೆ ಏನೂ ಹಿಡಿಸಲಿಲ್ಲ. ಬೇಸ್‌ನ ಪೆಟ್ಟು ಕಿವಿಗಿಂತ ಮೊದಲು ಎದೆಗೆ ಬೀಳುತ್ತಿತ್ತು, ಪಕ್ಕದವರ ಕಿವಿಗೆ ಬಾಯಿಟ್ಟು ಕೂಗದೆ ಮಾತಿಲ್ಲ. ಆದರೆ ಹನ್ನೊಂದರ ಹೊತ್ತಿಗೆ ಕತ್ತಲೆ, ಹಾಡು, ಜನ ಎಲ್ಲವೂ ಒಂದಾಗಿ, ನಾನೂ ಕುಣಿಯತೊಡಗಿದೆ. ಶಿವಮೊಗ್ಗದಲ್ಲಿ ಗಣಪತಿ ಬಿಡುವ ದಿನ ಅಣ್ಣಂದಿರೆಲ್ಲ ತಮಟೆಗೆ ಕುಣಿಯುತ್ತ ಹೋಗುವುದನ್ನು ನಾವು ಹುಡುಗಿಯರು ಮಹಡಿಯ ಮೇಲೆ ನಿಂತು ನೋಡುತ್ತಿದ್ದೆವು. ಇಪ್ಪತ್ತೇಳನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ನಾನು ಆ ಮಹಡಿಯಿಂದ ಕೆಳಗಿಳಿದೆ ಎನ್ನಿಸಿತು. ಆ ಒಂದು ಗಂಟೆಯನ್ನು ಯಾರೂ ಹಗುರವಾಗಿ ಕಾಣಬಾರದೆಂದು ಕೇಳಿಕೊಳ್ಳುತ್ತೇನೆ.

ಒಂದು ಕನ್ನಡ ಹಾಡು ಹಾಕಿ ಎಂದು ಡಿಜೆ ಬಳಿ ಹೋಗಿ ಕೇಳಿದೆ. ಅವರು ಆಗದೆಂದು ತಲೆಯಾಡಿಸಿದರು, ಪಕ್ಕದಲ್ಲಿದ್ದವರು ‘ಇಲ್ಲಿ ಕನ್ನಡ ಹಾಕುವುದಿಲ್ಲ’ ಎಂದು ಇಂಗ್ಲಿಷಿನಲ್ಲಿ ಹೇಳಿ ಕಳುಹಿಸಿದರು. ಹನ್ನೆರಡೂಮುಕ್ಕಾಲಿಗೆ ದೀಪ ಹತ್ತಿತು, ಒಂದಕ್ಕೆ ಎಲ್ಲರೂ ಬೀದಿಗೆ ಬಂದೆವು. ಬಿಟಿಎಂ ಬಡಾವಣೆಗೆ ಆಟೋದವರು 600 ರೂಪಾಯಿ ಕೇಳಿದರು. ನನ್ನ ಪಿಜಿ ಗೇಟು ಹನ್ನೊಂದಕ್ಕೇ ಹಾಕಿಬಿಡುತ್ತಾರಾದ್ದರಿಂದ ಗೆಳತಿಯ ಮನೆಯ ಸೋಫಾ ಮೇಲೆ ಮಲಗಿದೆ. ಬೆಳಗಿನವರೆಗೂ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು.

ತಿಳಿದವರು ಹೇಳಿ: ಎಲ್ಲ ಕ್ಲಬ್ಬುಗಳಲ್ಲಿಯೂ ಹೀಗೆಯೇ ನಡೆಯುತ್ತದೆಯೇ? ನನಗೆ ಆ ಒಂದು ಗಂಟೆ ಮತ್ತೆ ಬೇಕು, ಆದರೆ ಅದರ ಹಿಂದು ಮುಂದಿನದು ಬೇಡ.

ಸಿಲ್ಕ್‌ಬೋರ್ಡ್ ನಿವಾಸಿ

ಶನಿವಾರ ಹೋದದ್ದೇ ತಪ್ಪು. ಗುರುವಾರ ಹೋಗಿ ನೋಡಿ.

ಚರ್ಚ್‌ಸ್ಟ್ರೀಟ್ ಹಳಬ

ಅಮ್ಮಾ, ನೀವು ಬರೆದದ್ದನ್ನು ಎರಡು ಸಲ ಓದಿದೆ. ತೊಂಬತ್ತರ ದಶಕದಲ್ಲಿ ನಾವು ಹೋಗುತ್ತಿದ್ದುದು ಪಬ್ಬಿಗೆ, ಕ್ಲಬ್ಬಿಗಲ್ಲ. ಚರ್ಚ್ ಸ್ಟ್ರೀಟಿನಲ್ಲಿ ಆಕಾಶನೌಕೆಯ ಒಳಾಂಗಣವಿದ್ದ ನಾಸಾ, ರೆಸ್ಟ್ ಹೌಸ್ ರಸ್ತೆಯ ಪೆಕೋಸ್, ರೆಸಿಡೆನ್ಸಿ ರಸ್ತೆಯ ಪರ್ಪಲ್ ಹೇಜ್ ಇವೆಲ್ಲ ನಮ್ಮ ಸಂಬಳಕ್ಕೆ ಎಟುಕುವ ಜಾಗಗಳಾಗಿದ್ದವು. ನಾಲ್ವರು ಸೇರಿ ಒಂದು ಪಿಚರ್ ಬಿಯರ್ ತರಿಸಿದರೆ ಸಂಜೆಯೆಲ್ಲ ಮಾತನಾಡಬಹುದಿತ್ತು. ಬಾಗಿಲಲ್ಲಿ ನಿಂತು ನಮ್ಮ ಕಾಲು ನೋಡುವವರು ಯಾರೂ ಇರಲಿಲ್ಲ. ಪೆಕೋಸಿಗೆ ನಾನು ಹವಾಯಿ ಚಪ್ಪಲಿಯಲ್ಲಿಯೇ ಹೋಗಿದ್ದೇನೆ.

ಈಗಿನ ಕ್ಲಬ್ಬುಗಳು ಮಾರುತ್ತಿರುವುದು ಒಳಗಿನ ಜಾಗವನ್ನಲ್ಲ, ‘ಎಲ್ಲರನ್ನೂ ಒಳಗೆ ಬಿಡುವುದಿಲ್ಲ’ ಎಂಬ ಮಾತನ್ನು. ನಿಮ್ಮ ರಾಯಚೂರಿನ ಗೆಳೆಯನಿಗೆ ಆದದ್ದು ಅವಮಾನವೇ, ಅದನ್ನು ನಿಯಮವೆಂದು ಕರೆದು ಸಮಾಧಾನ ಮಾಡಿಕೊಳ್ಳಬೇಡಿ.

ಹಸಿರುಗಣ್ಣು

ಹಿರಿಯರು ಹೇಳುವ ಕಾಲದಲ್ಲಿ ಹೆಣ್ಣುಮಕ್ಕಳು ಎಷ್ಟು ಮಂದಿ ಇದ್ದರು ಎಂಬುದನ್ನೂ ಹೇಳಲಿ. ನನ್ನ ಅಕ್ಕ ಆಗ ಕಾಲೇಜಿನಲ್ಲಿದ್ದಳು. ಅವಳಿಗೆ ಪಬ್ಬಿಗೆ ಹೋಗಲು ಅಪ್ಪನ ಭಯವಷ್ಟೇ ಅಲ್ಲ, ಅಲ್ಲಿದ್ದವರು ನೋಡುವ ರೀತಿಯ ಭಯವೂ ಇತ್ತು. ಜೋಡಿಯಿಲ್ಲದ ಗಂಡಸರನ್ನು ತಡೆಯುವ ಪದ್ಧತಿ ನನಗೂ ಇಷ್ಟವಿಲ್ಲ. ಆದರೂ ಹತ್ತು ಹುಡುಗರ ಗುಂಪೊಂದು ಕುಣಿಯುವ ಜಾಗದ ಅಂಚಿನಲ್ಲಿ ಸುಮ್ಮನೆ ನಿಂತು ನಮ್ಮನ್ನೇ ನೋಡುತ್ತಿದ್ದರೆ ಹೇಗಿರುತ್ತದೆ ಎಂಬುದು ಅನುಭವಿಸಿದವರಿಗೆ ಗೊತ್ತು.

ಬಾಗಿಲ ಬಳಿಯಿಂದ

ನಾನು ಒಂಬತ್ತು ವರ್ಷ ಬೌನ್ಸರ್ ಆಗಿ ಕೆಲಸ ಮಾಡಿದವನು, ಊರು ಹೊಸಕೋಟೆಯ ಹತ್ತಿರ. ಚಪ್ಪಲಿ, ಚಡ್ಡಿ, ಜೋಡಿ ಇವುಗಳನ್ನು ನಿರ್ಧರಿಸುವವರು ನಾವಲ್ಲ. ಸಂಜೆ ಏಳಕ್ಕೆ ಮ್ಯಾನೇಜರ್ ಬಂದು ಈ ದಿನ ಗಂಡು ಹೆಣ್ಣಿನ ಲೆಕ್ಕ ಹೇಗಿರಬೇಕು, ಮೇಜು ಕಾಯ್ದಿರಿಸಿದವರು ಯಾರು ಎಂದು ಹೇಳುತ್ತಾರೆ. ಹತ್ತೂವರೆಗೆ ಒಳಗೆ ತುಂಬಿದ ಮೇಲೆ ‘ಏನಾದರೂ ಕಾರಣ ಹೇಳಿ ನಿಲ್ಲಿಸಿ’ ಎಂದು ವಾಕಿಟಾಕಿಯಲ್ಲಿ ಮಾತು ಬರುತ್ತದೆ. ಆಗ ಕಣ್ಣಿಗೆ ಬೀಳುವ ಮೊದಲ ಕಾರಣವೇ ಚಪ್ಪಲಿ. ನಾನೂ ಹಾಗೆ ಎಷ್ಟೋ ಮಂದಿಯನ್ನು ನಿಲ್ಲಿಸಿದ್ದೇನೆ. ನನ್ನ ಅಪ್ಪ ಹಾಕುವ ಚಪ್ಪಲಿಯಂಥದೇ ಚಪ್ಪಲಿ ಹಾಕಿದವರನ್ನು ನಿಲ್ಲಿಸಿದ ರಾತ್ರಿ ಮನೆಗೆ ಹೋದ ಮೇಲೆ ನಿದ್ದೆ ಬರಲಿಲ್ಲ.

ಎರಡು ಮಾತು ಹೇಳುತ್ತೇನೆ, ತಂಗಿ. ಒಂಬತ್ತಕ್ಕೆ ಮೊದಲು ಹೋದರೆ ಬಹುತೇಕ ಜಾಗಗಳಲ್ಲಿ ಕವರ್ ಚಾರ್ಜೂ ಇರುವುದಿಲ್ಲ, ಚಪ್ಪಲಿಯ ಮಾತೂ ಬರುವುದಿಲ್ಲ. ಇನ್ನೊಂದು, ಒಳಗೆ ಹೋದೊಡನೆ ಎರಡನೆಯ ಬಾಗಿಲು ಎಲ್ಲಿದೆ, ಅದರ ಮುಂದೆ ಬಿಯರ್ ಕ್ರೇಟುಗಳನ್ನು ಜೋಡಿಸಿಟ್ಟಿದ್ದಾರೆಯೇ ಎಂದು ನೋಡಿಕೊಳ್ಳಿ. 2017ರ ಡಿಸೆಂಬರ್‌ನಲ್ಲಿ ಮುಂಬಯಿಯ ಕಮಲಾ ಮಿಲ್ಸ್ ಆವರಣದ ಪಬ್ಬುಗಳಲ್ಲಿ ಬೆಂಕಿ ಬಿದ್ದು 14 ಮಂದಿ ಸತ್ತರು. 2025ರ ಡಿಸೆಂಬರ್‌ನಲ್ಲಿ ಗೋವಾದ ಅರ್ಪೋರಾದಲ್ಲಿ ನೈಟ್‌ಕ್ಲಬ್ಬೇ ಹೊತ್ತಿ ಉರಿದು 25 ಮಂದಿ ಹೋದರು. ಎರಡನೆಯ ಬಾಗಿಲು ಕಾಣದಿದ್ದರೆ ಹುಟ್ಟುಹಬ್ಬವಾದರೂ ಸರಿ, ಎದ್ದು ಬನ್ನಿ.

ತುಂಗಾತೀರ

ಅಣ್ಣಾ, ನಿಮ್ಮ ಮಾತನ್ನು ನನ್ನ ಗೆಳೆಯನಿಗೆ ಓದಿ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ‘ಅವರ ಮೇಲೆ ನನಗೆ ಸಿಟ್ಟಿಲ್ಲ’ ಎಂದು ತಿಳಿಸಲು ಹೇಳಿದ. ಎರಡನೆಯ ಬಾಗಿಲು ಎಲ್ಲಿತ್ತೆಂದು ನಮ್ಮ ಏಳು ಮಂದಿಯಲ್ಲಿ ಒಬ್ಬರಿಗೂ ನೆನಪಿಲ್ಲ.

ಡೆಕ್ ಹಿಂದಿನವನು

ನಾನು ಹಾಸನದವನು, ಹನ್ನೊಂದು ವರ್ಷಗಳಿಂದ ಡಿಜೆ. ಕನ್ನಡ ಹಾಡಿನ ಬಗ್ಗೆ ಉತ್ತರಿಸುವ ಹೊಣೆ ನನ್ನದೆಂದು ಭಾವಿಸಿ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

‘ಕನ್ನಡ ಹಾಕುವುದಿಲ್ಲ’ ಎಂದವರ ಮಾತಿನಲ್ಲಿ ಸೊಕ್ಕು ಇದ್ದರೂ, ಕನ್ನಡವನ್ನು ಹಾಕದಿರಲು ಕೆಲವರಿಗೆ ಕಸುಬಿನ ಕಾರಣವೂ ಇದೆ. ಕ್ಲಬ್ಬಿನಲ್ಲಿ ಸಾಮಾನ್ಯವಾಗಿ ನಡೆಯುವ ಹೌಸ್, ಟೆಕ್ನೋ ಸಂಗೀತದ ವೇಗ ನಿಮಿಷಕ್ಕೆ 120ರಿಂದ 130 ಬೀಟ್, ನಾಲ್ಕರ ನಡೆ, ಅಂದರೆ ನಾಲ್ಕು ನಾಲ್ಕಾಗಿ ಎಣಿಸುವ ತಾಳ. ನಮ್ಮ ಕುಣಿತದ ಹಾಡುಗಳಲ್ಲಿ ಬಹಳಷ್ಟು ತಮಟೆಯ ಆರರ ನಡೆಯಲ್ಲಿರುತ್ತವೆ. ನಾಲ್ಕರ ನಡೆಯಿಂದ ಆರರ ನಡೆಗೆ ನೇರವಾಗಿ ಜಿಗಿದರೆ ಕುಣಿಯುತ್ತಿರುವವರ ಕಾಲು ತಪ್ಪುತ್ತದೆ, ಕಾಲು ತಪ್ಪಿದವರು ಬಾರ್ ಕಡೆಗೆ ಹೋಗುತ್ತಾರೆ, ಹೋದವರನ್ನು ಮತ್ತೆ ಕರೆತರಲು ಇಪ್ಪತ್ತು ನಿಮಿಷ ಬೇಕು. ಹಿಂದಿ, ಪಂಜಾಬಿ ಹಾಡುಗಳಿಗೆ ಮೊದಲು ಮತ್ತು ಕೊನೆಗೆ ಬರೀ ಬೀಟ್ ಸೇರಿಸಿದ ಡಿಜೆ ಎಡಿಟ್‌ಗಳು ರಾಶಿ ರಾಶಿ ಸಿಗುತ್ತವೆ. ಕನ್ನಡಕ್ಕೆ ಅಂಥವನ್ನು ನಾವೇ ಕುಳಿತು ಮಾಡಿಕೊಳ್ಳಬೇಕು. ಒಂದು ಹಾಡಿಗೆ ನನಗೆ ಎರಡು ರಾತ್ರಿ ಹಿಡಿಯುತ್ತದೆ.

ಆದರೆ ಮಾಡಿಕೊಂಡರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಒಂದು ಶುಕ್ರವಾರ ಇಂದಿರಾನಗರದಲ್ಲಿ ನಾನು ಮೊದಲು ತಮಟೆಯನ್ನಷ್ಟೇ ಹದಿನಾರು ಎಣಿಕೆ ಬಿಟ್ಟು, ಬೇಸ್ ಪೂರ್ತಿ ಇಳಿಸಿ, ಆಮೇಲೆ ಹಾಡು ಬಿಟ್ಟೆ. ಬಾರ್‌ನಲ್ಲಿ ಗ್ಲಾಸು ಒರೆಸುತ್ತಿದ್ದ ಮಂಡ್ಯದ ಹುಡುಗ ಗ್ಲಾಸು ಹಿಡಿದುಕೊಂಡೇ ಕುಣಿದ. ಅಡುಗೆಮನೆಯ ಬಾಗಿಲಲ್ಲಿ ನಾಲ್ಕು ತಲೆಗಳು ಕಾಣಿಸಿಕೊಂಡವು. ಹಾಡು ಅರ್ಥವಾಗದವರೂ ನಿಲ್ಲಲಿಲ್ಲ. ಅಂದಿನಿಂದ ಪ್ರತಿ ರಾತ್ರಿ ಕನಿಷ್ಠ ಮೂರು ಕನ್ನಡ ಹಾಡು ಹಾಕುವುದಾಗಿ ಮಾಲೀಕರಿಗೆ ಮೊದಲೇ ಹೇಳಿಯೇ ಕೆಲಸ ಒಪ್ಪಿಕೊಳ್ಳುತ್ತೇನೆ.

ನೀವು ಕೇಳುವಾಗ ಹತ್ತರಿಂದ ಹತ್ತೂವರೆಯ ಒಳಗೆ ಕೇಳಿ. ರಾತ್ರಿ ಕಾವೇರಿದ ಮೇಲೆ ಯಾವ ಡಿಜೆಯೂ ದಾರಿ ಬದಲಿಸುವುದಿಲ್ಲ.

ರಾಜಾಜಿನಗರ ಕನ್ನಡಿಗ

ಕಸುಬಿನ ಕಾರಣ ಒಪ್ಪೋಣ. ಆದರೆ ತಮಟೆಗೂ ಟೆಕ್ನೋಗೂ ಹೊಂದಿಕೆ ಮಾಡಲು ನೀವು ಎರಡು ರಾತ್ರಿ ಕಳೆಯಬಲ್ಲಿರಾದರೆ ಉಳಿದವರೇಕೆ ಕಳೆಯಬಾರದು? ಬೆಂಗಳೂರಿನಲ್ಲಿ ನವೆಂಬರ್ ಬಂದರೆ ಮಾತ್ರ ‘ಕನ್ನಡ ನೈಟ್’ ಎಂದು ಪೋಸ್ಟರ್ ಅಂಟಿಸುತ್ತಾರೆ, ಡಿಸೆಂಬರ್ ಒಂದಕ್ಕೆ ಕಿತ್ತುಹಾಕುತ್ತಾರೆ. ನಮಗೆ ಬೇಕಾದದ್ದು ಪ್ರತ್ಯೇಕ ರಾತ್ರಿಯಲ್ಲ, ಎಲ್ಲ ರಾತ್ರಿಗಳಲ್ಲೂ ಒಂದಿಷ್ಟು ಜಾಗ.

ಡೆಕ್ ಹಿಂದಿನವನು

ಇದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ.

ಶಾಂತಚಿತ್ತ

ಇಷ್ಟೆಲ್ಲ ಕಷ್ಟಪಟ್ಟು ಅಲ್ಲಿಗೇ ಏಕೆ ಹೋಗಬೇಕು? ಮಧ್ಯರಾತ್ರಿ ಹೆಣ್ಣುಮಕ್ಕಳು ಬೀದಿಯಲ್ಲಿ ಆಟೋ ಹುಡುಕುವುದು ನಮ್ಮ ಮನೆತನಗಳ ಪದ್ಧತಿಯಲ್ಲ. ಕುಣಿಯಬೇಕೆಂದರೆ ಮನೆಯಲ್ಲಿಯೇ ಹಾಡು ಹಾಕಿಕೊಂಡು ಕುಣಿಯಬಹುದು.

ಕುಡ್ಲದವಳು

ಮಾನ್ಯರೇ, ನಾನು ಮಂಗಳೂರಿನವಳು. 2009ರ ಜನವರಿ 24ರಂದು ನಮ್ಮ ಊರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಎಳೆದಾಡಿ ಹೊಡೆದವರೂ ಪದ್ಧತಿಯ ಮಾತನ್ನೇ ಆಡಿದ್ದರು. ಆ ದೃಶ್ಯಗಳನ್ನು ಇಡೀ ದೇಶವೇ ಟಿವಿಯಲ್ಲಿ ನೋಡಿತು. ಆದರೂ 2018ರ ಮಾರ್ಚ್‌ನಲ್ಲಿ ಸಾಕ್ಷ್ಯದ ಕೊರತೆಯಿಂದ ಆರೋಪಿಗಳು ಖುಲಾಸೆಯಾದರು. ಹಲ್ಲೆ ನಡೆದಾಗ ನಾನು ಹತ್ತನೆಯ ತರಗತಿ. ಆ ವಾರವಿಡೀ ನಮ್ಮಮ್ಮ ನನ್ನನ್ನು ಟ್ಯೂಷನ್ನಿಗೂ ಒಬ್ಬಳೇ ಕಳುಹಿಸಲಿಲ್ಲ. ಪಬ್ಬಿನ ಒಳಗಿದ್ದವರಿಗೆ ಬಿದ್ದ ಪೆಟ್ಟು ಪಬ್ಬಿನ ಹೆಸರೇ ಕೇಳಿರದ ನನ್ನಂಥವರ ಸಂಜೆಗಳನ್ನೂ ಕಿತ್ತುಕೊಂಡಿತು.

ಆಟೋ ಸಿಗದಿದ್ದರೆ ಆಟೋ ಸಿಗುವಂತೆ ಮಾಡಬೇಕು. ಹುಡುಗಿಯನ್ನು ಮತ್ತೆ ಮಹಡಿಗೆ ಹತ್ತಿಸುವುದು ಅದಕ್ಕೆ ಉತ್ತರವಲ್ಲ.

ಶಾಂತಚಿತ್ತ

ಹೊಡೆದವರನ್ನು ನಾನು ಸಮರ್ಥಿಸಲಿಲ್ಲ, ಎಂದೂ ಸಮರ್ಥಿಸುವುದಿಲ್ಲ. ನನಗೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಭಯದಿಂದ ಬರೆದೆ. ನಿಮ್ಮ ಕೊನೆಯ ಮಾತನ್ನು ಯೋಚಿಸುತ್ತೇನೆ.

ಹನ್ನೆರಡನೇ ಮೇನ್

ಇಂದಿರಾನಗರದಲ್ಲಿ ಮನೆಯಿರುವವರ ಪರವಾಗಿಯೂ ಒಂದು ಮಾತು ದಾಖಲಾಗಲಿ. ನನ್ನ ತಂದೆಯವರು 1978ರಲ್ಲಿ ಇಲ್ಲಿ ಮನೆ ಕಟ್ಟಿಸಿದಾಗ ಇದು ಶುದ್ಧ ವಸತಿ ಬಡಾವಣೆ. ಈಗ ನಮ್ಮ ಹಿಂದಿನ ಕಟ್ಟಡದ ಟೆರೇಸಿನ ಮೇಲೆ ಸ್ಪೀಕರ್ ಇಟ್ಟಿದ್ದಾರೆ. ಶನಿವಾರ ರಾತ್ರಿ ಅಡುಗೆಮನೆಯ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ; ಎಂಬತ್ತೆರಡು ವರ್ಷದ ತಾಯಿ ಹಾಸಿಗೆಯ ಮೇಲೆ ಎದ್ದು ಕೂರುತ್ತಾರೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಮೀರಬಾರದು. ಮುಚ್ಚಿದ ಕೋಣೆಯೊಳಗೆ, ಸದ್ದು ಹೊರಗೆ ಬಾರದಂತೆ ಎಷ್ಟು ಬೇಕಾದರೂ ಕುಣಿಯಿರಿ, ನಮ್ಮ ತಕರಾರಿಲ್ಲ. ತೆರೆದ ಟೆರೇಸ್ ಕ್ಲಬ್ಬಿಗೆ ಹೋಗುವವರು ಕೆಳಗೆ ಯಾರ ಮನೆಯಿದೆ ಎಂದು ಒಮ್ಮೆ ಬಗ್ಗಿ ನೋಡಬೇಕು.

ಹಸಿರುಗಣ್ಣು

ನಿಮ್ಮ ತಾಯಿಯವರ ವಿಷಯ ಓದಿ ಸಂಕಟವಾಯಿತು, ಸರ್. ಟೆರೇಸ್ ಜಾಗಗಳಿಗೆ ನಾನೂ ಹೋಗಿದ್ದೇನೆ, ಕೆಳಗೆ ಮನೆಯಿರಬಹುದೆಂದು ಹೊಳೆದಿರಲಿಲ್ಲ. ಇನ್ನು ನೆಲಮಹಡಿಯ ಮುಚ್ಚಿದ ಜಾಗಗಳನ್ನೇ ಹುಡುಕುತ್ತೇನೆ.

ಕಿವಿ ಪರೀಕ್ಷಕಿ

ಕಿವಿಯ ಗುಂಯ್ ಎಂಬುದನ್ನು ಎಲ್ಲರೂ ದಾಟಿ ಹೋದಿರಿ. ನಾನು ಶ್ರವಣ ಪರೀಕ್ಷೆ ಮಾಡುವವಳು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದೆಂದು ಒಂದು ಅಂದಾಜು. ಅಲ್ಲಿಂದ ಮೂರು ಡೆಸಿಬೆಲ್ ಏರಿದಂತೆಲ್ಲ ತಾಳುವ ಹೊತ್ತು ಅರ್ಧವಾಗುತ್ತದೆ. ಹಾಗೆ ಲೆಕ್ಕ ಹಾಕಿದರೆ 100 ಡೆಸಿಬೆಲ್‌ಗೆ ಸಿಗುವುದು ಕಾಲು ಗಂಟೆ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ಮಾನದಂಡವು ಇಂಥ ಜಾಗಗಳಲ್ಲಿ ಹದಿನೈದು ನಿಮಿಷದ ಸರಾಸರಿ 100 ಡೆಸಿಬೆಲ್ ದಾಟಬಾರದು, ಕಿವಿಗೆ ವಿರಾಮ ಕೊಡಲು ಸದ್ದಿಲ್ಲದ ಜಾಗವೂ ಇರಬೇಕು ಎನ್ನುತ್ತದೆ. ಬೆಳಗಿನವರೆಗೂ ಗುಂಯ್ ಎಂದಿತೆಂದರೆ ನಿಮ್ಮ ಕಿವಿಗೆ ಪೆಟ್ಟಾಗಿತ್ತು ಎಂದೇ ಅರ್ಥ. ಈ ಸಲ ವಾಸಿಯಾಗಿರಬಹುದು, ಪ್ರತಿ ವಾರವೂ ಪೆಟ್ಟು ಬಿದ್ದರೆ ಒಂದು ದಿನ ಅದು ಹೋಗುವುದೇ ಇಲ್ಲ. ಔಷಧ ಅಂಗಡಿಯಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಹಾಕಿಕೊಳ್ಳಿ, ಸ್ಪೀಕರ್ ಎದುರು ನಿಲ್ಲಬೇಡಿ, ಗಂಟೆಗೊಮ್ಮೆ ಹೊರಗೆ ಬನ್ನಿ.

ಡೆಕ್ ಹಿಂದಿನವನು

ಡಿಜೆಗಳೆಲ್ಲ ಇದನ್ನು ಓದಲಿ. ನನ್ನ ಎಡಗಿವಿಯಲ್ಲಿ ನಾಲ್ಕು ವರ್ಷಗಳಿಂದ ಆ ಸದ್ದು ನಿಂತಿಲ್ಲ.

ಕೋರ್ಟ್ ಹಾಲ್ ನಾಲ್ಕು

ಬೆಂಗಳೂರಿನ ಪಬ್ಬು, ಬಾರುಗಳು ರಾತ್ರಿ ಒಂದಕ್ಕೆ ಮುಚ್ಚುವ ವಿಷಯಕ್ಕೆ ಹಿನ್ನೆಲೆ ಹೇಳುತ್ತೇನೆ. ಮೊದಲು ಹನ್ನೊಂದೂವರೆಗೇ ಮುಚ್ಚಬೇಕಿತ್ತು. 2014ರಲ್ಲಿ ಪ್ರಯೋಗವೆಂದು ಶುಕ್ರವಾರ, ಶನಿವಾರಗಳಂದು ರಾತ್ರಿ ಒಂದರವರೆಗೆ ತೆರೆಯಲು ಬಿಟ್ಟರು. 2016ರಲ್ಲಿ ವಾರದ ಎಲ್ಲ ದಿನಗಳಿಗೂ ವಿಸ್ತರಿಸಿದರು. ಕುಣಿತದ ಲೈಸೆನ್ಸ್ ಕಥೆ ಬೇರೆ. ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊಥೆಕ್ ನಡೆಸಲು ಪೊಲೀಸ್ ಆಯುಕ್ತರ ಪರವಾನಗಿ ಬೇಕೆಂಬ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ಆ ವರ್ಷ ಹಲವು ಪಬ್ಬುಗಳಲ್ಲಿ ಹಾಡೇ ನಿಂತುಹೋಗಿದ್ದನ್ನು ಹಳಬರು ಮರೆತಿರಲಾರರು.

ಇನ್ನು ಬಿಲ್ಲಿನಲ್ಲಿ ಸೇವಾ ಶುಲ್ಕ ಸೇರಿಸಿದ್ದರೆ ಅದನ್ನು ಕೊಡಲೇಬೇಕಾಗಿಲ್ಲ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಇದು ಕಡ್ಡಾಯವಲ್ಲವೆಂದು ಹೇಳಿದೆ. ಮದ್ಯಕ್ಕೆ ಜಿಎಸ್‌ಟಿ ಇಲ್ಲ, ಊಟಕ್ಕಷ್ಟೇ ಇದೆ. ದೀಪ ಹತ್ತಿದ ಗಡಿಬಿಡಿಯಲ್ಲಿ ಯಾರೂ ಬಿಲ್ ಓದುವುದಿಲ್ಲ, ಆದ್ದರಿಂದ ಹನ್ನೆರಡಕ್ಕೇ ಬಿಲ್ ತರಿಸಿ ಓದಿ.

ಸಿಲ್ಕ್‌ಬೋರ್ಡ್ ನಿವಾಸಿ

ಗುರುತಿನ ಚೀಟಿಯನ್ನೂ ಒಯ್ಯಲು ಹೇಳಿ. ಇಪ್ಪತ್ತೊಂದು ತುಂಬಿಲ್ಲದಿದ್ದರೆ ಬಾಗಿಲಿನಿಂದಲೇ ವಾಪಸ್.

ಬರ್ಲಿನ್ ನಿಂದ ಧಾರವಾಡದಂವ

ಬರ್ಲಿನ್ನಿನಲ್ಲಿ ಆರು ವರ್ಷದಿಂದಿದ್ದೇನೆ. ಇಲ್ಲಿ ಮುಚ್ಚುವ ಹೊತ್ತೆಂಬ ನಿಯಮವನ್ನು ಪಶ್ಚಿಮ ಬರ್ಲಿನ್ 1949ರಲ್ಲಿಯೇ ತೆಗೆದುಹಾಕಿತು. ಹಾಗಾಗಿ ಜನ ಒಬ್ಬೊಬ್ಬರಾಗಿ, ತಮಗೆ ಸಾಕೆನ್ನಿಸಿದಾಗ ಹೊರಡುತ್ತಾರೆ. ವಾರಾಂತ್ಯದ ರಾತ್ರಿಗಳಲ್ಲಿ ಮೆಟ್ರೊ ನಿಲ್ಲುವುದೇ ಇಲ್ಲ. ಅನೇಕ ಕ್ಲಬ್ಬುಗಳಲ್ಲಿ ಫೋನಿನ ಕ್ಯಾಮೆರಾ ಮೇಲೆ ಚಿಕ್ಕ ಸ್ಟಿಕ್ಕರ್ ಅಂಟಿಸಿ ಒಳಗೆ ಬಿಡುತ್ತಾರೆ, ಆದ್ದರಿಂದ ಕುಣಿಯುವವರಿಗೆ ಯಾರೋ ವಿಡಿಯೊ ಮಾಡುತ್ತಿದ್ದಾರೆಂಬ ಅಂಜಿಕೆಯಿಲ್ಲ. ಬಾಗಿಲಲ್ಲಿ ಕಾರಣ ಹೇಳದೆ ವಾಪಸ್ ಕಳುಹಿಸುವುದು ಮಾತ್ರ ಇಲ್ಲಿಯೂ ಇದೆ; ನನ್ನನ್ನು ಮೂರು ಸಲ ಕಳುಹಿಸಿದ್ದಾರೆ.

ಚರ್ಚ್‌ಸ್ಟ್ರೀಟ್ ಹಳಬ

ಮೆಟ್ರೊ ಎಂದಿರಲ್ಲ, ನಮ್ಮ ಊರಿನ ಕುತ್ತಿಗೆ ಹಿಸುಕುತ್ತಿರುವುದೇ ಅದು. ಕ್ಲಬ್ಬಿಗೆ ರಾತ್ರಿ ಒಂದು ಗಂಟೆಯವರೆಗೆ ಅನುಮತಿ ಕೊಟ್ಟ ಸರ್ಕಾರವು ರೈಲನ್ನು ಹನ್ನೊಂದರ ಆಸುಪಾಸಿಗೆ ನಿಲ್ಲಿಸಿಬಿಡುತ್ತದೆ. ಹೊಸ ವರ್ಷದ ರಾತ್ರಿಯಂಥ ಕೆಲವು ದಿನ ಮಾತ್ರ ಹೆಚ್ಚು ಹೊತ್ತು ಓಡಿಸುತ್ತಾರೆ, ಅಂದರೆ ಓಡಿಸಲು ಸಾಧ್ಯವಿದೆ ಎಂದಾಯಿತು. ಶುಕ್ರವಾರ, ಶನಿವಾರಗಳಂದು ಒಂದೂವರೆಯವರೆಗೆ ಓಡಿಸಿದರೆ ಕುಡಿದು ಬೈಕ್ ಹತ್ತುವವರೂ ಕಡಿಮೆಯಾಗುತ್ತಾರೆ.

ರಾತ್ರಿಪಾಳಿ ಆಟೋ

ನಾನು ಆಟೋ ಓಡಿಸುವವನು, ನನ್ನ ಮಗಳು ಹೇಳಿದ್ದನ್ನು ಬರೆದುಕೊಡುತ್ತಿದ್ದಾಳೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಮೀಟರಿನ ಮೇಲೆ ಒಂದೂವರೆ ಪಟ್ಟು ತೆಗೆದುಕೊಳ್ಳಲು ನಮಗೆ ಹಕ್ಕಿದೆ. 600 ರೂಪಾಯಿ ಕೇಳಿದ್ದು ಖಂಡಿತ ತಪ್ಪು. ಆದರೆ ಒಂದು ಗಂಟೆಗೆ ಆ ಬೀದಿಯಲ್ಲಿ ನಿಂತರೆ ಹಿಂದೆ ವಾಂತಿ ಮಾಡಿಕೊಳ್ಳುವವರು, ಇಳಿದು ದುಡ್ಡು ಕೊಡದೆ ಓಡುವವರು ಸಿಗುತ್ತಾರೆ. ಎರಡು ಸಲ ಸೀಟು ತೊಳೆದ ಮೇಲೆ ನಾನು ಆ ಕಡೆ ಹೋಗುವುದನ್ನೇ ಬಿಟ್ಟೆ. ಒಳ್ಳೆಯವರು ಹೋಗದಿದ್ದರೆ 600 ಕೇಳುವವರೇ ಉಳಿಯುತ್ತಾರೆ. ಗೊತ್ತಿರುವ ಡ್ರೈವರ್‌ಗೆ ಸಂಜೆಯೇ ಹೇಳಿಟ್ಟು, ಹನ್ನೆರಡೂವರೆಗೆ ಬನ್ನಿ ಎಂದರೆ ಖಂಡಿತ ಬರುತ್ತಾರೆ, ಮಗಳೇ.

ಹಸಿರುಗಣ್ಣು

ನಾವು ಮೂವರು ಗೆಳತಿಯರು ಇದನ್ನೇ ಮಾಡುತ್ತೇವೆ. ಹನ್ನೆರಡೂಕಾಲಿಗೆ ಎದ್ದುಬಿಡುತ್ತೇವೆ. ಕೊನೆಯ ಮುಕ್ಕಾಲು ಗಂಟೆಯಲ್ಲಿ ಜಗಳ, ನೂಕಾಟ, ಅಳು ಬಿಟ್ಟರೆ ಬೇರೇನೂ ಇರುವುದಿಲ್ಲ. ಗ್ಲಾಸನ್ನು ಮೇಜಿನ ಮೇಲೆ ಬಿಟ್ಟು ಕುಣಿಯಲು ಹೋಗುವುದಿಲ್ಲ. ಬಿಟ್ಟುಹೋದರೆ ಮರಳಿ ಬಂದು ಅದನ್ನು ಮುಟ್ಟುವುದಿಲ್ಲ, ಎಷ್ಟು ದುಬಾರಿಯದಾದರೂ ಸರಿ.

ತುಂಗಾತೀರ

ಎಲ್ಲರ ಮಾತನ್ನೂ ಕುಳಿತು ಓದಿದೆ. ಇಷ್ಟು ಜನ ಇಷ್ಟು ಕಾಳಜಿಯಿಂದ ಬರೆಯುತ್ತಾರೆಂದು ಎಣಿಸಿರಲಿಲ್ಲ. ಮುಂದಿನ ಗುರುವಾರ ಮತ್ತೆ ಹೋಗುತ್ತಿದ್ದೇವೆ. ಎಂಟೂವರೆಗೆ ಒಳಗಿರುತ್ತೇವೆ, ಹನ್ನೆರಡೂಕಾಲಿಗೆ ಹೊರಡುತ್ತೇವೆ, ಬಿಟಿಎಂನ ನಮ್ಮ ಆಟೋದವರಿಗೆ ಈಗಲೇ ಹೇಳಿಟ್ಟಿದ್ದೇನೆ. ಇಯರ್‌ಪ್ಲಗ್ ಏಳು ಜೊತೆ ತಂದಾಯಿತು. ಪಿಜಿ ಆಂಟಿಗೂ ಮುಚ್ಚುಮರೆಯಿಲ್ಲದೆ ಹೇಳಿದೆ. ಅವರು ಮೊದಲು ಬೇಡವೆಂದರು, ಆಮೇಲೆ ‘ಒಂದು ಸಲಕ್ಕೆ ಗೇಟಿನ ಕೀ ಕೊಡುತ್ತೇನೆ, ಬಂದೊಡನೆ ನನ್ನ ಬಾಗಿಲು ತಟ್ಟು’ ಎಂದರು.

ಡಿಜೆ ಸರ್, ಗುರುವಾರ ನೀವು ಎಲ್ಲಿ ನುಡಿಸುತ್ತೀರಿ? ಅಲ್ಲಿ ಚರ್ಮದ ಚಪ್ಪಲಿಗೆ ಅಡ್ಡಿಯುಂಟೇ?

ಡೆಕ್ ಹಿಂದಿನವನು

ಜಾಗದ ಹೆಸರನ್ನು ಸಂದೇಶದಲ್ಲಿ ಕಳುಹಿಸಿದ್ದೇನೆ. ನೆಲಮಹಡಿ, ಮುಚ್ಚಿದ ಕೋಣೆ, ಹಿಂಬಾಗಿಲು ಅಡುಗೆಮನೆಯ ಪಕ್ಕದಲ್ಲಿದೆ, ಅದರ ಮುಂದೆ ಏನನ್ನೂ ಇಟ್ಟಿಲ್ಲ. ಚಪ್ಪಲಿಗೆ ಅಡ್ಡಿಯಿಲ್ಲ, ಮ್ಯಾನೇಜರನ್ನು ಈಗಷ್ಟೇ ಕೇಳಿದೆ. ರಾಯಚೂರಿನ ಗೆಳೆಯನಿಗೆ ಯಾವ ಹಾಡು ಬೇಕೆಂದು ಮಂಗಳವಾರದೊಳಗೆ ತಿಳಿಸಿ, ಎಡಿಟ್ ಮಾಡಲು ನನಗೆ ಎರಡು ರಾತ್ರಿ ಬೇಕು.